ಸಸಿಗಿಂತ ಮೊದಲು ನೀರು ನೋಡಿ: ಹೊಳೆಬದಿಯ ಕಾಂಡ್ಲಾ ಕಾಡು ಉಳಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಾವು ಹತ್ತಿಪ್ಪತ್ತು ಜನ ಸೇರಿ ಒಂದು ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗ) ಕೆಸರಿನಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ನೆಟ್ಟೆವು. ಮೊಣಕಾಲು ಮುಳುಗುವ ಕೆಸರು, ಮೇಲಿಂದ ಆಷಾಢದ ಮಳೆ. ದಡದಲ್ಲಿ ನಿಂತು ನೋಡಿದರೆ ಭತ್ತದ ಗದ್ದೆ ನೆಟ್ಟಷ್ಟೇ ನೇರ ಸಾಲು. ದೀಪಾವಳಿ ಹೊತ್ತಿಗೆ ಅರ್ಧ ಇರಲಿಲ್ಲ. ಮುಂದಿನ ಮಳೆಗಾಲಕ್ಕೆ ಒಂದೂ ಉಳಿಯಲಿಲ್ಲ. ದನ ತಿಂದಿರಲಿಲ್ಲ, ಯಾರೂ ಕಿತ್ತಿರಲಿಲ್ಲ. ನಾವು ನೆಟ್ಟ ಜಾಗ ದಿನದ ಹೆಚ್ಚು ಹೊತ್ತು ನೀರಿನಡಿಯೇ ಇರುತ್ತಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಮೇಲೆ, ಸ್ವಲ್ಪ ಎತ್ತರದ ಕೆಸರಿನಲ್ಲಿ, ಯಾರೂ ನೆಡದ ಸಸಿಗಳು ತಾವಾಗಿಯೇ ಎದ್ದು ನಿಂತಿದ್ದವು.

ಇದು ನಮ್ಮೊಬ್ಬರ ಕಥೆ ಅಲ್ಲ. ಸುನಾಮಿ ಬಂದ ಮೇಲೆ ಶ್ರೀಲಂಕಾದಲ್ಲಿ ಊರೂರಲ್ಲಿ ಕಾಂಡ್ಲಾ ನೆಟ್ಟರು. ವಿಜ್ಞಾನಿಗಳು ಆಮೇಲೆ 23 ಕಡೆ ಹೋಗಿ ನೋಡಿದಾಗ 9 ಕಡೆ ಒಂದೂ ಗಿಡ ಬದುಕಿರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ದಶಕಗಳ ಕಾಲ ದೊಡ್ಡ ದುಡ್ಡು ಸುರಿದು ನೆಟ್ಟ ಸಸಿಗಳಲ್ಲಿ ಉಳಿದದ್ದು ನೂರಕ್ಕೆ ಹತ್ತಿಪ್ಪತ್ತು ಮಾತ್ರ. ಎರಡೂ ಕಡೆ ದೊಡ್ಡ ತಪ್ಪು ಜಾಗದ ಆಯ್ಕೆಯದ್ದು. ಹಾಗಾಗಿ ಈ ಲೇಖನದಲ್ಲಿ ಸಸಿ ನೆಡುವ ವಿಷಯ ಕೊನೆಗೆ ಬರುತ್ತದೆ. ಮೊದಲು ನೀರಿನ ವಿಷಯ.

ನಮ್ಮ ಪಾಲು ಎಷ್ಟು ಚಿಕ್ಕದು ಅಂತ ಒಂದು ಮಾತು. 2021ರ ಅರಣ್ಯ ವರದಿ ಪ್ರಕಾರ ದೇಶದಲ್ಲಿ 4,992 ಚದರ ಕಿ.ಮೀ. ಕಾಂಡ್ಲಾ ಕಾಡು ಇತ್ತು. ಕರ್ನಾಟಕದ್ದು ಅದರಲ್ಲಿ ಬರೀ 13. ಕಾರವಾರದ ಕಾಳಿ, ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಕುಂದಾಪುರದ ಪಂಚಗಂಗಾವಳಿ, ಹೀಗೆ ಹೊಳೆಬಾಯಿಗಳಲ್ಲಿ ಹರಿದು ಹಂಚಿಹೋದ ತುಂಡುಗಳು. ನಿಮ್ಮೂರಿನ ಎರಡು ಎಕರೆ ತುಂಡು ಚಿಕ್ಕದು ಅಂತ ಬಿಟ್ಟುಬಿಡಬೇಡಿ. ಇಂಥ ತುಂಡುಗಳು ಸೇರಿಯೇ ಆ 13 ಆಗಿದ್ದು.

ಮೊದಲ ಹೆಜ್ಜೆ: ಅಮಾವಾಸ್ಯೆಗೆ ಎರಡು ಸಲ ಹೋಗಿ

ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ ಎರಡು ದಿನ ಭರತ (ಸಮುದ್ರದ ನೀರು ಏರುವುದು) ಜೋರು, ಇಳಿತವೂ ಜೋರು. ಆಗ ಒಂದೇ ದಿನ ಎರಡು ಸಲ ಜಾಗಕ್ಕೆ ಹೋಗಿ. ಭರತ ತುಂಬಿದಾಗ ಒಮ್ಮೆ, ಸುಮಾರು ಆರು ಗಂಟೆ ಬಿಟ್ಟು ಇಳಿತದಲ್ಲಿ ಇನ್ನೊಮ್ಮೆ. ಒಬ್ಬರೇ ಹೋಗಬೇಡಿ. ಮೀನು ಹಿಡಿಯುವವರು ಅಥವಾ ಬಳಚು (ಕೆಸರಿನ ಚಿಪ್ಪುಮೀನು) ಆರಿಸುವ ಹೆಂಗಸರು ಯಾರಾದರೂ ಜೊತೆಗಿದ್ದರೆ ತುಂಬ ಒಳ್ಳೆಯದು. ಎಲ್ಲಿ ಕಾಲು ಹೂಳುತ್ತದೆ, ನೀರು ಯಾವ ಕಡೆಯಿಂದ ಮೊದಲು ಏರುತ್ತದೆ ಅನ್ನುವುದು ಅವರಿಗೆ ಗೊತ್ತು. ಕಾಲಿಗೆ ಗಟ್ಟಿ ಅಡಿಯ ಚಪ್ಪಲಿ ಇರಲಿ. ಕೆಸರಿನೊಳಗಿನ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಬರೆದುಕೊಳ್ಳಿ: ನೀರು ಎಲ್ಲಿಯವರೆಗೆ ಬಂತು, ಎಲ್ಲಿಗೆ ಹಿಂದೆ ಹೋಯಿತು, ಈಗಿರುವ ಕಾಂಡ್ಲಾ ಮರಗಳು ಈ ಎರಡರ ನಡುವೆ ಎಲ್ಲಿವೆ. ಮರಗಳು ಹೆಚ್ಚಾಗಿ ಮೇಲಿನ ಅರ್ಧದಲ್ಲೇ ಇರುತ್ತವೆ. ಕಾಂಡ್ಲಾ ಉಪ್ಪುನೀರು ತಡೆಯುತ್ತದೆ ನಿಜ, ಆದರೆ ಅದರ ಬೇರಿಗೂ ಗಾಳಿ ಬೇಕು. ದಿನದಲ್ಲಿ ಸುಮಾರು ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೊತ್ತು ನೀರಿನಲ್ಲಿ ಮುಳುಗಿದರೆ ಎಳೆ ಸಸಿ ಉಸಿರುಗಟ್ಟಿ ಸಾಯುತ್ತದೆ.

ನಮ್ಮ ಕರಾವಳಿಯಲ್ಲಿ ಭರತ ಮತ್ತು ಇಳಿತದ ನಡುವಿನ ಎತ್ತರ ದೊಡ್ಡ ದಿನಗಳಲ್ಲೂ ಸುಮಾರು 2 ಮೀಟರ್ ಅಷ್ಟೇ. ಗುಜರಾತಿನ ಖಂಭಾತ್ ಕೊಲ್ಲಿಯಷ್ಟು ಇಲ್ಲ. ಅಂದರೆ ಕಾಂಡ್ಲಾ ಬೆಳೆಯಬಲ್ಲ ಪಟ್ಟಿ ತುಂಬ ಕಿರಿದು. ಒಂದು ಗೇಣು ಕೆಳಗೆ ನೆಟ್ಟರೂ ಕೆಲಸ ಕೆಟ್ಟಂತೆ. ನಾವು ಮಾಡಿದ್ದು ಇದೇ.

ಎತ್ತರ ಅಳೆಯಲು ಎಂಜಿನಿಯರ್ ಬೇಕಿಲ್ಲ. ಭರತ ಏರುವಾಗ ಒಬ್ಬರು ಈಗಿರುವ ಮರಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಮರದ ಬುಡದಲ್ಲಿ ನಿಲ್ಲಿ. ಇನ್ನೊಬ್ಬರು ಖಾಲಿ ಜಾಗದಲ್ಲಿ ಗೂಟ ಹಿಡಿದು ನಿಲ್ಲಿ. ಮರದ ಬುಡಕ್ಕೆ ನೀರು ತಾಗಿದ ಕ್ಷಣ ಕೂಗಿ ಹೇಳಿ. ಆಗ ಖಾಲಿ ಜಾಗದಲ್ಲಿ ನೀರಿನ ಅಂಚು ಎಲ್ಲಿದೆಯೋ ಅಲ್ಲಿ ಗೂಟ ಹೊಡೆಯಿರಿ. ಆ ಗೂಟದ ಗೆರೆಗಿಂತ ಕೆಳಗೆ ಎಂದೂ ನೆಡಬೇಡಿ. ಎರಡೂ ಜಾಗ ಒಂದೇ ಹೊಳೆಯ ಬದಿಯಲ್ಲಿ ಹತ್ತಿರ ಹತ್ತಿರ ಇರಬೇಕು, ಅಷ್ಟೇ.

ಆ ಗೆರೆಯ ಕೆಳಗೆ ಬೋಳಾಗಿ ಕಾಣುವ ಕೆಸರು ಖಾಲಿ ಜಾಗ ಅಲ್ಲ. ಅಲ್ಲಿ ಬಳಚು ಇದೆ, ಏಡಿ ಇದೆ, ಚಳಿಗಾಲದಲ್ಲಿ ದೂರದಿಂದ ಬರುವ ಹಕ್ಕಿಗಳ ಊಟ ಇದೆ. ಅಘನಾಶಿನಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಕೆಸರಿನ ಬಳಚಿನಿಂದ. ಬಳಚಿನ ಹಾಸಿನ ಮೇಲೆ ಕಾಂಡ್ಲಾ ನೆಟ್ಟು ಪರಿಸರ ಉಳಿಸಿದೆವು ಅನ್ನುವುದು ತಪ್ಪು.

ಎರಡನೇ ಹೆಜ್ಜೆ: ಮರಗಳ ಗುರುತು ಹಿಡಿಯಿರಿ

ಕಾಂಡ್ಲಾ ಅಂದರೆ ಒಂದೇ ಮರ ಅಲ್ಲ. ಆಲದ ಬಿಳಲಿನ ಹಾಗೆ ಕಾಂಡದಿಂದ ಬಾಗಿ ಕೆಸರಿಗೆ ಇಳಿದ ಬೇರುಗಳಿದ್ದರೆ ಅದು ರೈಜೋಫೊರಾ. ಇದರ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತು ಬೀಳುತ್ತದೆ. ಬುಡದ ಸುತ್ತ ನೆಲದಿಂದ ಪೆನ್ಸಿಲ್ ಚುಚ್ಚಿದಂತೆ ಮೇಲೆದ್ದ ಬೇರುಗಳಿದ್ದರೆ ಅವಿಸೀನಿಯಾ. ಉಪ್ಪಟಿ, ಇಪ್ಪಟಿ ಅನ್ನುವುದು ಇದಕ್ಕೇ. ಇದರ ಎಲೆ ನೆಕ್ಕಿ ನೋಡಿ, ಉಪ್ಪುಪ್ಪು. ಬೇರಿನಲ್ಲಿ ಒಳಬಂದ ಉಪ್ಪನ್ನು ಮರ ಎಲೆಯಿಂದ ಹೊರಗೆ ಹಾಕುತ್ತದೆ. ಬೇರಿನ ಪೆನ್ಸಿಲ್ ದಪ್ಪ ಇದ್ದು ಕಾಯಿ ನಕ್ಷತ್ರದ ತಟ್ಟೆಯ ಮೇಲೆ ಕೂತಂತಿದ್ದರೆ ಸೊನರೇಷಿಯಾ. ಮುಳ್ಳಿನ ಎಲೆ, ನೀಲಿ ಹೂವಿನ ಪೊದೆ ಹೊಳೆಚುಳ್ಳಿ.

ಎಲೆ ಕಿತ್ತರೆ ಬಿಳಿ ಹಾಲು ಬರುವ ಒಂದು ಮರ ಇದೆ, ಎಕ್ಸೊಕೇರಿಯಾ. ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲು ಆ ಮರ ತೋರಿಸಿ.

ಗುರುತು ಯಾಕೆ ಬೇಕು ಅಂದರೆ, ಒಂದೊಂದಕ್ಕೂ ಒಂದೊಂದು ಜಾಗ. ಹೊಳೆಯ ಎದುರಿನ ಹೊಸ ಕೆಸರಿಗೆ ಮೊದಲು ಬರುವುದು ಸಾಮಾನ್ಯವಾಗಿ ಅವಿಸೀನಿಯಾ, ಸೊನರೇಷಿಯಾ. ಕಾಲುವೆಗಳ ಅಂಚಿನ ಮೆತ್ತನೆ ಕೆಸರಿನಲ್ಲಿ ರೈಜೋಫೊರಾ. ನೆಡುವ ಕಾರ್ಯಕ್ರಮಗಳಲ್ಲಿ ಎಲ್ಲ ಕಡೆ ರೈಜೋಫೊರಾ ಒಂದನ್ನೇ ಊರುತ್ತಾರೆ, ಯಾಕೆಂದರೆ ಅದರ ಮೊಳೆತ ಉದ್ದ ಬೀಜ, ಅಂದರೆ ಕೋಡು, ಸುಲಭವಾಗಿ ಸಿಗುತ್ತದೆ. ಹಾಗೆ ಮಾಡಬಾರದು. ನಿಮ್ಮ ಹೊಳೆಯಲ್ಲಿ ಈಗ ಯಾವುದು ಎಲ್ಲಿದೆಯೋ ಅದನ್ನೇ ಅನುಸರಿಸಿ.

ಮೂರನೇ ಹೆಜ್ಜೆ: ಇಲ್ಲಿ ಯಾಕೆ ಮರ ಇಲ್ಲ ಅಂತ ಕೇಳಿ

ಇಡೀ ಕೆಲಸದ ಜೀವ ಇರುವುದು ಈ ಹೆಜ್ಜೆಯಲ್ಲಿ. ಬೀಜ ಹೊಳೆಯ ನೀರಿನಲ್ಲಿ ತೇಲಿ ಎಲ್ಲ ಕಡೆ ಹೋಗುತ್ತದೆ. ಪಕ್ಕದಲ್ಲಿ ಕಾಡು ಇದ್ದೂ ಒಂದು ಜಾಗ ಬೋಳಾಗಿದ್ದರೆ ಅದಕ್ಕೆ ಕಾರಣ ಇದ್ದೇ ಇದೆ.

ನೆಲದ ಮೇಲೆ ಬಿಳಿ ಉಪ್ಪಿನ ಪದರ, ಬಿರುಕು ಬಿಟ್ಟ ಮಣ್ಣು ಕಂಡರೆ ಭರತದ ನೀರು ಸರಿಯಾಗಿ ಬರುತ್ತಿಲ್ಲ. ರಸ್ತೆಯೋ ಬದುವೋ ಅಡ್ಡ ಬಂದಿದೆ. ಪಾಚಿಗಟ್ಟಿದ ನೀರು ನಿಂತು, ಕಪ್ಪು ಕೆಸರು ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಬಂದ ನೀರು ಹೊರಗೆ ಹೋಗುತ್ತಿಲ್ಲ. ಆಪು, ಜೊಂಡು ಬೆಳೆದಿದ್ದರೆ ಸಿಹಿನೀರು ಜಾಸ್ತಿ ಆಗಿದೆ. ದಡ ಕುಸಿದು ಬೇರು ಬೆತ್ತಲಾಗಿದ್ದರೆ ಮರಳು ತೆಗೆಯುವುದನ್ನೋ ದೋಣಿಗಳ ಅಲೆಯನ್ನೋ ಹುಡುಕಿ. ಕೊಂಬೆ ಕತ್ತರಿಸಿದ ಗುರುತು ಇದ್ದರೆ ಸೌದೆಗೋ ಮೇವಿಗೋ ಅಂತ ಕೇಳಿ. ಜಗಳಕ್ಕೆ ಹೋಗಬೇಡಿ. ಒಂದು ಹೊರೆ ಸೌದೆಗಿಂತ ಒಂದು ಜೆಸಿಬಿ ಒಂದು ಬೆಳಗ್ಗೆ ಮಾಡುವ ಹಾನಿ ಎಷ್ಟೋ ಪಟ್ಟು ದೊಡ್ಡದು.

ತಮಿಳುನಾಡಿನ ಪಿಚಾವರಂನಲ್ಲಿ ನಡೆದದ್ದು ಕೇಳಿ. ಬ್ರಿಟಿಷರ ಕಾಲದಿಂದ ಅಲ್ಲಿ ಸರದಿ ಪ್ರಕಾರ ಪಟ್ಟಿ ಪಟ್ಟಿಯಾಗಿ ಕಾಡು ಕಡಿದರು. ನೆರಳು ಹೋಯಿತು, ನೆಲ ಒಣಗಿ ಕುಗ್ಗಿ ತಟ್ಟೆಯ ಹಾಗೆ ತಗ್ಗಾಯಿತು. ಭರತದ ನೀರು ಅದರೊಳಗೆ ನಿಂತು ಬಿಸಿಲಿಗೆ ಆರಿ ಉಪ್ಪು ಏರುತ್ತಾ ಹೋಯಿತು. ಮತ್ತೆ ಒಂದು ಸಸಿ ಬರಲಿಲ್ಲ. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಮತ್ತು ಅರಣ್ಯ ಇಲಾಖೆ ಸೇರಿ, ಊರವರನ್ನು ಜೊತೆಗೆ ಕಟ್ಟಿಕೊಂಡು, ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿದರು. ನೀರು ಬಂದು ಹೋಗಲು ಶುರುವಾದ ಮೇಲೆ ಉಪ್ಪು ತೊಳೆದುಹೋಯಿತು, ಕಾಡು ಮರಳಿತು.

ನಮ್ಮಲ್ಲೂ ಇಂಥ ಕಥೆಗಳಿವೆ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ (ಹೊಳೆಬದಿಯ ತಗ್ಗು ಗದ್ದೆ) ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು. ಮಣ್ಣಿನ ಬದು ಒಡೆಯದಂತೆ ಅದರ ಹೊರಬದಿಯಲ್ಲಿ ಕಾಂಡ್ಲಾ ಇರುತ್ತಿತ್ತು. ಮರ ಬದುವನ್ನು ಕಾಯುತ್ತಿತ್ತು, ಬದು ಅನ್ನವನ್ನು ಕಾಯುತ್ತಿತ್ತು. 1970ರ ದಶಕದಲ್ಲಿ ಗದ್ದೆಗೆ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಯೋಜನೆಯ ದೊಡ್ಡ ಬದುಗಳು ಬಂದವು, ಹಲವು ಕಡೆ ಕಾಂಡ್ಲಾ ಹೋಯಿತು. ಆಮೇಲೆ ಸಿಗಡಿ ಕೃಷಿಯ ಭರಾಟೆ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ದೇಶದ ಕರಾವಳಿಯ ಸಿಗಡಿ ಕೊಳಗಳನ್ನು ಹೊಡೆದುಹಾಕಿತು. ಎಷ್ಟೋ ಕೊಳಗಳು ಪಾಳು ಬಿದ್ದವು. ಬದು ಮಾತ್ರ ಹಾಗೇ ನಿಂತಿತು.

ಕಾರಣ ಕೆಲವೊಮ್ಮೆ ತುಂಬ ದೂರದಲ್ಲಿರುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ತಿಗೆ ಬಳಸಿದ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಇಳಿಯತೊಡಗಿತು. ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಅಲ್ಲಿ ಬಳಚು ಸೊರಗಿದ್ದಕ್ಕೆ ಇದೇ ಮುಖ್ಯ ಕಾರಣ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬರೆದಿದ್ದಾರೆ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಬಳಚೂ ಇದೆ, ಕಾಂಡ್ಲಾದ ವೈವಿಧ್ಯವೂ ಇದೆ. 2024ರಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಎರಡು ಹೊಳೆಬಾಯಿಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಎರಡನ್ನೂ ಒಮ್ಮೆ ನೋಡಿ ಬನ್ನಿ.

ನಾಲ್ಕನೇ ಹೆಜ್ಜೆ: ಕಾನೂನು, ಕಾಗದ

ಕೆಸರಿಗೆ ಗುದ್ದಲಿ ಹಾಕುವ ಮೊದಲು ಜಾಗ ಯಾರದ್ದು ಅಂತ ತಿಳಿದುಕೊಳ್ಳಿ. ಅರಣ್ಯ ಇಲಾಖೆಯದ್ದೋ, ಕಂದಾಯದ್ದೋ, ಖಾಸಗಿ ಗಜನಿಯೋ? ಒಳ್ಳೆಯ ಮನಸ್ಸಿನಿಂದ ಬದು ಒಡೆದರೂ ಪಕ್ಕದವರ ಗದ್ದೆಗೆ ಉಪ್ಪುನೀರು ನುಗ್ಗಿದರೆ ಅದು ಅನ್ಯಾಯವೇ. ವಲಯ ಅರಣ್ಯಾಧಿಕಾರಿಗೆ, ಪಂಚಾಯಿತಿಗೆ ಬರವಣಿಗೆಯಲ್ಲಿ ತಿಳಿಸಿ, ಒಪ್ಪಿಗೆ ಪಡೆಯಿರಿ.

ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯಲ್ಲಿ ಕಾಂಡ್ಲಾ ಕಾಡು 1ಎ ವರ್ಗದಲ್ಲಿದೆ. ಅತಿ ಸೂಕ್ಷ್ಮ ಜಾಗ ಅಂತ ಅರ್ಥ. 1,000 ಚದರ ಮೀಟರ್‌ಗಿಂತ ದೊಡ್ಡ ತುಂಡಾದರೆ ಸುತ್ತ 50 ಮೀಟರ್ ಅಂಚು ಬಿಡಬೇಕು, ಖಾಸಗಿ ಜಮೀನಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ. ಯಾರಾದರೂ ಮಣ್ಣು ತುಂಬುತ್ತಿದ್ದರೆ ದಿನಾಂಕ, ಜಾಗ ಕಾಣುವಂತೆ ಫೋಟೊ ತೆಗೆಯಿರಿ. ಒಂದೇ ಮೂಲೆಯಿಂದ ವಾರಕ್ಕೊಮ್ಮೆ ತೆಗೆದ ನಾಲ್ಕು ಫೋಟೊ ಒಂದು ದೊಡ್ಡ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ. ದೂರನ್ನು ಜಿಲ್ಲಾಧಿಕಾರಿಗೆ ಮತ್ತು ಜಿಲ್ಲೆಯ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯಲ್ಲಿ ನಿಮ್ಮ ಕಾಂಡ್ಲಾ ಸೇರಿದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಸೇರಿಸಲು ಅರ್ಜಿ ಕೊಡಿ.

ಐದನೇ ಹೆಜ್ಜೆ: ನೀರಿಗೆ ದಾರಿ ಬಿಡಿಸಿ, ಆಮೇಲೆ ಕಾಯಿರಿ

ಫ್ಲೋರಿಡಾದ ರಾಬಿನ್ ಲೂಯಿಸ್ ಅನ್ನುವ ವಿಜ್ಞಾನಿ ಜೀವನವಿಡೀ ಹೇಳಿದ್ದು ಇದನ್ನೇ: ನೀರಿನ ಓಡಾಟ ಸರಿಮಾಡಿ, ಬೀಜ ತಾನಾಗಿ ಬರದಿದ್ದರೆ ಮಾತ್ರ ನೆಡಿ.

ಹೆಚ್ಚಿನ ಕಡೆ ಕೆಲಸ ಸಣ್ಣದೇ ಇರುತ್ತದೆ. ರಸ್ತೆಯಡಿ ಮುಚ್ಚಿಹೋದ ಮೋರಿಯ ಹೂಳು ತೆಗೆಯುವುದು, ಪಾಳು ಸಿಗಡಿ ಕೊಳದ ಬದುವನ್ನು ಎರಡು ಕಡೆ ತೆರೆಯುವುದು, ತೂಬಿನ ಬಾಯಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಎಳೆಯುವುದು. ಕಾಲುವೆ ತೋಡಬೇಕಾದರೆ ಹಳೆಯ ಕಾಲುವೆಯ ಗುರುತು ಹುಡುಕಿ. ಇಳಿತದಲ್ಲಿ ಕೊನೆಗೆ ಒಣಗುವ ಗೆರೆ ಅದೇ. ಕೈಯಲ್ಲಿ ತೋಡಿ. ಅಂಕುಡೊಂಕಾಗಿ, ಒಳಗೆ ಹೋದಂತೆ ಕಿರಿದಾಗಿ ಇರಲಿ. ನೇರ, ಅಗಲ ಕಾಲುವೆ ತೋಡಿದರೆ ನೀರು ರಭಸವಾಗಿ ನುಗ್ಗಿ ಮಣ್ಣನ್ನೇ ಕೊಚ್ಚಿಕೊಂಡು ಹೋಗುತ್ತದೆ. ತೆಗೆದ ಮಣ್ಣನ್ನು ಅಂಚಿನಲ್ಲಿ ಗೋಡೆಯ ಹಾಗೆ ರಾಶಿ ಹಾಕಬೇಡಿ, ಮತ್ತೆ ಅದೇ ಬದು ಆಗುತ್ತದೆ.

ಆಮೇಲೆ ಒಂದು ಮಳೆಗಾಲ ಸುಮ್ನೆ ಕಾಯಿರಿ. ಸಾಧ್ಯವಾದರೆ ಎರಡು. ಕಾಯುವುದು ಕಷ್ಟ ಅಂತ ನನಗೆ ಗೊತ್ತು. ಜನ ಸೇರಿದ್ದಾರೆ, ಉತ್ಸಾಹ ಇದೆ, ಕೈಯಲ್ಲಿ ಏನಾದರೂ ನೆಡಬೇಕು ಅನ್ನಿಸುತ್ತದೆ. ಆ ಉತ್ಸಾಹವನ್ನು ಕಸ ಎತ್ತಲು ಬಳಸಿ. ಅವಿಸೀನಿಯಾದ ಉಸಿರು ಬೇರಿಗೆ ಸುತ್ತಿಕೊಂಡ ಒಂದು ಪ್ಲಾಸ್ಟಿಕ್ ಚೀಲ ತೆಗೆದರೂ ಅದು ಮರ ಉಳಿಸಿದಂತೆಯೇ.

ಹಿಂದೆ ಜಾಗ ಬಿಡಿ

ಹವಾಮಾನದ ಮಾತು ಇಲ್ಲಿ ಬರುತ್ತದೆ. ಕಾಂಡ್ಲಾ ಹೂಳು ಹಿಡಿದು ತನ್ನ ನೆಲವನ್ನು ತಾನೇ ಎತ್ತರಿಸಿಕೊಳ್ಳುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ಸಮುದ್ರ ವರ್ಷಕ್ಕೆ ಸುಮಾರು 6 ಮಿ.ಮೀ.ಗಿಂತ ವೇಗವಾಗಿ ಏರಿದರೆ ಅದು ಸೋಲುತ್ತದೆ ಅಂತ 2020ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ತೋರಿಸಿತು. ಈಗಾಗಲೇ ಜಗತ್ತಿನ ಸರಾಸರಿ 4 ಮಿ.ಮೀ. ದಾಟಿದೆ. ಹೊಳೆಯ ಮರಳು ಬಗೆದು, ಅಣೆಕಟ್ಟಿನಲ್ಲಿ ಹೂಳು ತಡೆದರೆ ಆ ಮಿತಿ ಇನ್ನೂ ಬೇಗ ಬರುತ್ತದೆ. ಸಮುದ್ರ ಏರುವುದಷ್ಟೇ ಅಪಾಯ ಅಲ್ಲ. 2015-16ರಲ್ಲಿ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ವಿದ್ಯಮಾನ) ಸಮಯಕ್ಕೆ ಸಮುದ್ರ ಕೆಲ ತಿಂಗಳು ತಗ್ಗಿ, ಬರವೂ ಸೇರಿ, ಸುಮಾರು 7,400 ಹೆಕ್ಟೇರ್ ಕಾಂಡ್ಲಾ ನೀರಿಲ್ಲದೆ ಒಣಗಿತು.

ನೀರು ಏರಿದಾಗ ಕಾಂಡ್ಲಾ ತಲೆಮಾರಿನಿಂದ ತಲೆಮಾರಿಗೆ ಹಿಂದೆ ಸರಿಯುತ್ತದೆ. ಸರಿಯಲು ಜಾಗ ಬೇಕು ಅಲ್ವಾ? ಬೆನ್ನಿಗೆ ಕಾಂಪೌಂಡ್ ಗೋಡೆ, ಕಲ್ಲಿನ ತಡೆಗೋಡೆ, ರಸ್ತೆ ಇದ್ದರೆ ಅದು ನಡುವೆ ಸಿಕ್ಕಿಬೀಳುತ್ತದೆ. ಹಾಗಾಗಿ ನಿಮ್ಮ ನಕ್ಷೆಯಲ್ಲಿ ಹಿಂಬದಿಯನ್ನೂ ಬರೆಯಿರಿ. ಪಾಳು ಬಿದ್ದ ಗಜನಿ, ತಗ್ಗು ಸರ್ಕಾರಿ ಜಾಗ, ಹುಲ್ಲುಗಾವಲು ಎಲ್ಲೆಲ್ಲಿವೆ? ಅಲ್ಲಿ ಕಟ್ಟಡ ಬೇಡ ಅಂತ ಗ್ರಾಮಸಭೆಯಲ್ಲಿ ಈಗಲೇ ಕೇಳಿ. ಅಡಿಪಾಯ ಬಿದ್ದ ಮೇಲೆ ಕೇಳಿ ಫಲ ಇಲ್ಲ.

ಆರನೇ ಹೆಜ್ಜೆ: ನೆಡಲೇಬೇಕಾದರೆ

ನೀರು ಸರಿಯಾಗಿದೆ, ಕಾದದ್ದೂ ಆಯಿತು, ಬೀಜ ಬಂದಿಲ್ಲ. ಆಗ ನೆಡಿ.

ರೈಜೋಫೊರಾ ಕೋಡು ಮಳೆಗಾಲದಲ್ಲಿ ಬಲಿಯುತ್ತದೆ. ಕೋಡಿನ ಕುತ್ತಿಗೆಯಲ್ಲಿ, ಕಾಯಿಗೆ ಸೇರುವ ಕಡೆ, ಹಳದಿ ಉಂಗುರ ಕಂಡರೆ ಅದು ತಯಾರು. ಕೊಂಬೆ ಮೆಲ್ಲಗೆ ಅಲ್ಲಾಡಿಸಿದರೆ ಬಿದ್ದುಬಿಡುತ್ತದೆ. ಹಸಿರು ಕೋಡನ್ನು ಎಳೆದು ಕೀಳಬೇಡಿ. ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ತನ್ನಿ, ಒಂದೇ ಮರ ಬೋಳಿಸಬೇಡಿ. ತೂತು ಇದ್ದದ್ದು, ಬಾಡಿದ್ದು ಬಿಡಿ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟು ಎರಡು ಮೂರು ದಿನದಲ್ಲಿ ನೆಡಿ. ಚೂಪು ತುದಿ ಕೆಳಗೆ, ಮೂರನೇ ಒಂದು ಭಾಗ ಕೆಸರಿನೊಳಗೆ, ಗಿಡದಿಂದ ಗಿಡಕ್ಕೆ ಒಂದೂವರೆ ಮೀಟರ್. ಸಾಲು ನೇರ ಇರಬೇಕಿಲ್ಲ. ಹೊಳೆ ಕೆಂಪಗೆ ಉಕ್ಕಿ ಹರಿಯುವ ವಾರ ಬೇಡ. ಮಳೆಯ ಅಬ್ಬರ ಇಳಿದ ಮೇಲೆ, ಉಪ್ಪು ಇನ್ನೂ ಕಡಿಮೆ ಇರುವಾಗ ಒಳ್ಳೆಯದು.

ಅವಿಸೀನಿಯಾ ಬೀಜ ಚಪ್ಪಟೆ. ರಾತ್ರಿ ನೀರಿನಲ್ಲಿ ನೆನೆಸಿದರೆ ಸಿಪ್ಪೆ ಬಿಡುತ್ತದೆ. ಅದನ್ನು ಚೀಲದಲ್ಲಿ ಒಂದಡಿ ಬೆಳೆಸಿ ನೆಡುವುದೇ ವಾಸಿ. ನರ್ಸರಿ ಭರತದ ನೀರು ಮುಟ್ಟುವ ಜಾಗದಲ್ಲಿರಲಿ. ಬಾವಿ ನೀರು ಕುಡಿದು ಬೆಳೆದ ಸಸಿಯನ್ನು ಒಮ್ಮೆಲೇ ಉಪ್ಪು ಕೆಸರಿಗೆ ಇಟ್ಟರೆ ತಡೆಯುವುದಿಲ್ಲ. ನೆಟ್ಟ ದಿನ ಪ್ಲಾಸ್ಟಿಕ್ ಚೀಲಗಳನ್ನು ಎಣಿಸಿ. ತಂದಷ್ಟೂ ವಾಪಸ್ ಹೋಗಬೇಕು.

ಐದು ವರ್ಷದ ನೋಟ್‌ಬುಕ್

ಮೊದಲ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆ ಲೆಕ್ಕದಲ್ಲಿ ಹೋಗಿ. ಕಾಂಡಕ್ಕೆ ಬಾರ್ನಕಲ್ ಚಿಪ್ಪು ದಟ್ಟವಾಗಿ ಅಂಟಿಕೊಂಡಿದೆ ಅಂದರೆ ಜಾಗ ತಗ್ಗಾಗಿದೆ ಅಂತ ತಿಳಿಯಿರಿ. ಕೆರೆದು ತೆಗೆದರೂ ಮತ್ತೆ ಬರುತ್ತದೆ, ಮುಂದಿನ ಸಲ ಮೇಲೆ ನೆಡಿ. ಪಾಚಿ, ಬಲೆಯ ತುಂಡು ಸುತ್ತಿಕೊಂಡಿದ್ದರೆ ಬಿಡಿಸಿ. ಎಮ್ಮೆ, ಆಡು ಬರುವ ಕಡೆ ಬಿದಿರಿನ ಬೇಲಿ ಹಾಕಿ, ಆದರೆ ಬಳಚು ಆರಿಸುವವರ ಕಾಲುದಾರಿ ಮುಚ್ಚಬೇಡಿ. ಸತ್ತ ಸಸಿಯ ಜಾಗದಲ್ಲಿ ಕಣ್ಣುಮುಚ್ಚಿ ಇನ್ನೊಂದು ಊರಬೇಡಿ. ಮತ್ತೆ ಮೂರನೇ ಹೆಜ್ಜೆಗೆ ಹೋಗಿ, ಯಾಕೆ ಸತ್ತಿತು ಅಂತ ಹುಡುಕಿ.

ನೆಟ್ಟದ್ದೆಷ್ಟು ಅಂತ ಬ್ಯಾನರಿನಲ್ಲಿ ಬರೆಯುವುದು ವಾಡಿಕೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಉಳಿದದ್ದೆಷ್ಟು ಅಂತ ಬರೆಯಿರಿ. ಒಂದು ವರ್ಷಕ್ಕೆ, ಮೂರು ವರ್ಷಕ್ಕೆ, ಐದು ವರ್ಷಕ್ಕೆ. ನೀವು ನೆಡದೆ ತಾನಾಗಿ ಬಂದ ಸಸಿಗಳಿಗೆ ಬೇರೆ ಒಂದು ಪುಟ ಇಡಿ. ಯಾವ ಜಾತಿ, ಯಾವ ತಿಂಗಳು, ಗೂಟದಿಂದ ಎಷ್ಟು ಹೆಜ್ಜೆ ಮೇಲೆ ಅಂತ ಬರೆಯಿರಿ. ಮುಂದಿನ ಮಳೆಗಾಲಕ್ಕೆ ಎಲ್ಲಿ ಏನು ಮಾಡಬೇಕು ಅನ್ನುವುದನ್ನು ಆ ಪುಟ ನೋಡಿಯೇ ನಿರ್ಧರಿಸಿ.